ಕೆಂಪು ಚೀಟಿ ಕಟ್ಟಿದ ಮಂಡಿ

ಹೋದ ವಾರ ನನ್ನ ವರ್ಕ್‌ಶಾಪಿಗೆ ಒಬ್ಬ ಆಡಿಟರ್ ಬಂದಿದ್ದ. ದುಡ್ಡಿನ ಲೆಕ್ಕ ನೋಡುವ ಆಡಿಟರ್ ಅಲ್ಲ, ಗುಣಮಟ್ಟ ನೋಡುವವನು. ನಮ್ಮಲ್ಲಿ ಮಾಲು ಮಾಡಿಸುವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ವರ್ಷಕ್ಕೊಮ್ಮೆ ಇಂಥವನೊಬ್ಬನನ್ನು ಪೀಣ್ಯದ ಧೂಳಿಗೆ ಇಳಿಸುತ್ತದೆ. ಪೊರಕೆ ಇಡುವ ಜಾಗದ ಮೇಲೆ ‘ಪೊರಕೆ’ ಎಂದು ಬರೆದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಸಂಬಳ ಪಡೆಯುವ ಜನ. ಕಸ ಗುಡಿಸಲು ಬರುತ್ತದೆಯೇ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ, ಆರ್ಡರು ಬೇಕಲ್ಲ.

ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಲೇತುಗಳ ನಡುವೆ ಒಂದು ಸುತ್ತು ಹಾಕಿ, ಕೊನೆಗೆ ನನ್ನ ಮೇಜಿನ ಹತ್ತಿರ ಬಂದ. ಅಲ್ಲಿ ಚಲನ್ನುಗಳು ಹಾರದಿರಲಿ ಎಂದು ನಾನು ಇಟ್ಟುಕೊಂಡಿರುವ ಒಂದು ಲೋಹದ ತುಂಡಿದೆ. ಎರಡು ಉಬ್ಬು, ನಡುವೆ ಒಂದು ಕಾಲುವೆ, ಮುಖ ಕಾಣುವಷ್ಟು ಹೊಳಪು. ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿದ.

“ಸಕ್ಕತ್ ಫಿನಿಶ್ ಸಾರ್! ಯಾವ ಪಾರ್ಟ್ ಇದು?”

“ಮಂಡಿ.”

“ಯಾವ ಮೆಷಿನ್ದು?”

“ನಮ್ಮಕ್ಕಂದು.”

ಬಿಸಿ ಹೆಂಚು ಮುಟ್ಟಿದವನಂತೆ ಇಟ್ಟುಬಿಟ್ಟ. ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಅದಕ್ಕೆ ಕಟ್ಟಿದ್ದ ಕೆಂಪು ಚೀಟಿಯ ಮೇಲೆ ಅವನ ಕಣ್ಣು ಬಿತ್ತು. “ಸಾರ್, ಇದರಲ್ಲಿ ಕಾರಣದ ಕಾಲಂ ಖಾಲಿ ಇದೆಯಲ್ಲ. ಆಪರೇಟರ್ ಹೆಸರೂ ಇಲ್ಲ. ಓಪನ್ ಟ್ಯಾಗ್ ಬಿಡಂಗಿಲ್ಲ ಸಾರ್. ಸಂಜೆ ಒಳಗೆ ತುಂಬಿಸಿ, ಇಲ್ಲಾಂದ್ರೆ ನಾನು ಬರ್ಕೋಬೇಕಾಗತ್ತೆ.”

ಕೆಂಪು ಚೀಟಿ ಎಂದರೇನೆಂದು ಕಾರ್ಖಾನೆಯ ಕಡೆ ತಲೆ ಹಾಕದವರಿಗೆ ಹೇಳಿಬಿಡುತ್ತೇನೆ. ಕೆಟ್ಟುಹೋದ ಪ್ರತಿಯೊಂದು ಪಾರ್ಟಿಗೂ ನಾವು ಒಂದು ಕೆಂಪು ಚೀಟಿ ಕಟ್ಟುತ್ತೇವೆ. ಪಾರ್ಟಿನ ಹೆಸರು, ಕೆಟ್ಟ ಕಾರಣ, ಕೆಡಿಸಿದ ಆಪರೇಟರ್ ಯಾರು ಎಂದು ಅದರಲ್ಲಿ ಬರೆಯಬೇಕು. ಇದು ಪುಸ್ತಕದ ಮಾತು. ನಮ್ಮ ಕಡೆ ನಡೆಯುವುದೇ ಬೇರೆ. ಇಲ್ಲಿ ಪಾರ್ಟು ಮುರಿದರೆ ತಪ್ಪು ಯಾವತ್ತೂ ಪಕ್ಕದ ಶೆಡ್ಡಿನವನದು. ಲೇತಿನವನು ಕಬ್ಬಿಣ ಸರಿಯಿಲ್ಲ ಅನ್ನುತ್ತಾನೆ. ಕಬ್ಬಿಣದವನು ಕುಲುಮೆಯಲ್ಲಿ ಹದ ಹಾಕಿದ್ದು ಸರಿಯಿಲ್ಲ ಅನ್ನುತ್ತಾನೆ. ಹದ ಹಾಕಿದವನು ಡ್ರಾಯಿಂಗೇ ಸರಿಯಿಲ್ಲ ಅನ್ನುತ್ತಾನೆ. ಡ್ರಾಯಿಂಗ್ ಬರೆದವನು ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಹೋಗಿರುತ್ತಾನೆ. ಮೂವತ್ತು ವರ್ಷದಿಂದ ನಾನು ಕಟ್ಟಿದ ಕೆಂಪು ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ‘ಮೆಟೀರಿಯಲ್ ದೋಷ’ ಎಂದೇ ಇದೆ. ಕಬ್ಬಿಣಕ್ಕೆ ಬಾಯಿಲ್ಲ, ನೋಡಿ.

ನಂಜಕ್ಕನ ಮಂಡಿಗೂ ನಾನು ಅದನ್ನೇ ಬರೆಯಲು ಹೊರಟಿದ್ದೆ.

ನಂಜಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಲಗ್ಗೆರೆ ಇನ್ನೂ ಹೊಲವಾಗಿದ್ದಾಗಿನಿಂದ ನಾವು ಇಲ್ಲಿಯವರು. ಕಾರ್ಖಾನೆ ನಮ್ಮ ಹತ್ತಿರ ಬಂದದ್ದೇ ಹೊರತು ನಾವು ಕಾರ್ಖಾನೆಯ ಹತ್ತಿರ ಬಂದವರಲ್ಲ. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದು, ಹಸು ಕಟ್ಟಿ, ಫ್ಯಾಕ್ಟರಿ ಕ್ವಾರ್ಟರ್ಸಿನ ಮನೆಮನೆಗೆ ಹಾಲು ಹಾಕಿ ನನ್ನನ್ನು ಐಟಿಐ ಓದಿಸಿದಳು. ನಾನು ಅಪ್ರೆಂಟಿಸ್ ಸೇರಿದ ಮೊದಲ ದಿನವೇ ಫೋರ್‌ಮನ್ ಮೂಗೆಳೆದು, “ಯಾರೋ ಇಲ್ಲಿ ಸಗಣಿ ತುಳ್ಕೊಂಡ್ ಬಂದಿರೋನು?” ಎಂದು ಕೇಳಿದ್ದ. ಯಾರೂ ತುಳಿದಿರಲಿಲ್ಲ. ಅದು ನನ್ನ ಅಂಗಿಯ ವಾಸನೆ. ಆ ಹೊತ್ತಿನಿಂದ ನಾನು ಆ ವಾಸನೆಯ ಮೇಲೆ ಒಂದು ಯುದ್ಧವನ್ನೇ ಸಾರಿದೆ.

ಮುಂದೆ ವರ್ಕ್‌ಶಾಪು, ಅದರ ಹಿಂದೆ ಮನೆ, ಮನೆಯ ಹಿಂದೆ ಕೊಟ್ಟಿಗೆ. ಗಿರಾಕಿಗಳಿಗೆ ಕಾಣದಿರಲೆಂದು ಕೊಟ್ಟಿಗೆಗೆ ನೀಲಿ ಟಾರ್ಪಾಲು ಕಟ್ಟಿಸಿದೆ. ಆಡಿಟ್ ದಿನ ಊದುಬತ್ತಿ ಹಚ್ಚಿಸುತ್ತಿದ್ದೆ. ಯಾರಾದರೂ ಕೇಳಿದರೆ, “ಹಸುವೆಲ್ಲ ಎಂದೋ ಕೊಟ್ಟುಬಿಟ್ವಿ ಸಾರ್, ಈಗ ಪ್ಯಾಕೆಟ್ ಹಾಲು” ಎನ್ನುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಲಕ್ಷ್ಮಿ ‘ಅಂಬಾ’ ಎನ್ನುತ್ತಿತ್ತು. “ಪಕ್ಕದ ಮನೆಯವರದು” ಎನ್ನುತ್ತಿದ್ದೆ. ನಮ್ಮ ಪಕ್ಕದಲ್ಲಿರುವುದು ಪೌಡರ್ ಕೋಟಿಂಗ್ ಶೆಡ್ಡು!

ಅದೇ ಹಾಲಿಗೆ ನಾಗಸಂದ್ರದ ಅಪಾರ್ಟ್‌ಮೆಂಟುಗಳಿಂದ ಕಾರಿನಲ್ಲಿ ಬಂದು ನಿಲ್ಲುವವರಿದ್ದರು ಎಂಬುದು ಬೇರೆ ಮಾತು. ಇವರು ಕುಡಿಯುವ ನೀರನ್ನು ಮೂರು ಮೆಷಿನ್ನಿನಲ್ಲಿ ಸೋಸುತ್ತಾರೆ. ಹಾಲು ಮಾತ್ರ ಕಾಯಿಸಬಾರದು, ‘ಶಕ್ತಿ’ ಹೋಗುತ್ತದೆ ಅನ್ನುತ್ತಾರೆ. ನಮ್ಮಜ್ಜಿ ಕೂಡ ಇಷ್ಟು ದಡ್ಡಿಯಾಗಿರಲಿಲ್ಲ, ಹಾಲನ್ನು ಉಕ್ಕಿಸದೆ ಮಕ್ಕಳಿಗೆ ಕೊಟ್ಟವಳಲ್ಲ. ಆದರೆ ನಂಜಕ್ಕನಿಗೂ ಒಂದು ಚಟವಿತ್ತು. ಕರೆದ ಚೆಂಬಿನಿಂದಲೇ ನೊರೆಯ ಸಮೇತ ಒಂದು ಗುಟುಕು ಕುಡಿದು, ಮೂಗಿನ ಕೆಳಗೆ ಬಿಳಿ ಮೀಸೆ ಬರೆಸಿಕೊಂಡು ನನ್ನ ಕಡೆ ನೋಡಿ ನಗುವುದು.

ಅವಳ ಎಡಮಂಡಿ ಸವೆದುಹೋದಾಗ ಹೊಸ ಮಂಡಿ ಹಾಕಿಸುವ ಜವಾಬ್ದಾರಿ ನನ್ನದಾಯಿತು. ಸಾಮಾನು ಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಈ ರಸ್ತೆಯಲ್ಲಿಲ್ಲ. ಮೂರು ಆಸ್ಪತ್ರೆಯಿಂದ ಕೊಟೇಶನ್ ತರಿಸಿದೆ. ಮಂಡಿ ಯಾವ ಲೋಹ, ಯಾವ ದೇಶ, ವಾರಂಟಿ ಎಷ್ಟು ಎಂದು ಕೇಳಿದೆ. ಕೊನೆಗೆ ಮೂಳೆ ಡಾಕ್ಟರನ್ನೇ ಹಿಡಿದು, “ಎರಡೂ ಮಂಡಿ ಒಟ್ಟಿಗೆ ಹಾಕಿಸಿದ್ರೆ ಏನ್ ಬಿಡ್ತೀರಿ?” ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸಾರ್, ಆ ಇನ್ನೊಂದು ಮಂಡಿ ಚೆನ್ನಾಗಿದೆ.”

ಆಪರೇಶನ್ ಚೆನ್ನಾಗಿಯೇ ಆಯಿತು. ಆರು ವಾರಕ್ಕೆ ನಂಜಕ್ಕ ಕೋಲು ಬಿಸಾಡಿದಳು. ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ ಎಂದದ್ದಕ್ಕೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹಾಲು ಕರೆಯತೊಡಗಿದಳು. ನಾನು ಕಂಡಕಂಡವರಿಗೆಲ್ಲ ಮಂಡಿ ಕೊಳ್ಳುವುದು ಹೇಗೆಂದು ಉಪದೇಶ ಮಾಡಿಕೊಂಡು ಓಡಾಡಿದೆ.

ಏಳೆಂಟು ತಿಂಗಳು ಕಳೆದಿರಬೇಕು. ಗಬ್ಬದ ಲಕ್ಷ್ಮಿ ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರು ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತ್ತು. ನಂಜಕ್ಕ ಸೀರೆ ಎತ್ತಿಕಟ್ಟಿ, ಬರಿಗೈಯಲ್ಲಿ ಅದನ್ನು ಎಳೆದು ತೆಗೆದಳು. ಕಸ, ಅಂದರೆ ಕರುವಿನ ಮಾಸು, ಬೀಳಲಿಲ್ಲವೆಂದು ಮೊಣಕೈವರೆಗೂ ಕೈ ಹಾಕಿ ಅದನ್ನೂ ತೆಗೆದಳು. ಅವಳ ಕೈಯ ಬಿರುಕುಗಳು ನಿಮಗೆ ಗೊತ್ತಿಲ್ಲ; ಒಂದೊಂದರಲ್ಲಿ ಒಂದು ರಾಗಿಕಾಳು ಕೂರುತ್ತದೆ. ನಾನು ಟಾರ್ಪಾಲಿನ ಈಚೆ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದೆ. “ಪಶು ಡಾಕ್ಟರನ್ನ ಕರೆಸ್ಲಾ?” ಎಂದೆ, ಬೇಡವೆನ್ನಲಿ ಎಂದುಕೊಂಡೇ. ಡಾಕ್ಟರ್ ಬಂದರೆ ಬೈಕು ವರ್ಕ್‌ಶಾಪಿನ ಮುಂದೆ ನಿಲ್ಲುತ್ತದೆ, ನಾಲ್ಕು ಜನ ಕೇಳುತ್ತಾರೆ.

“ಬ್ಯಾಡ ಬಿಡೋ, ಆಯ್ತು. ನೀನು ಅಂಗೇ ನಿಂತಿರು, ಪ್ಯಾಂಟು ಕೊಳೆ ಆದಾತು” ಎಂದಳು.

ಎರಡು ತಿಂಗಳಾದ ಮೇಲೆ ಅವಳಿಗೆ ಸಂಜೆಸಂಜೆ ಜ್ವರ ಬರತೊಡಗಿತು. ಬೆಳಿಗ್ಗೆ ಏನೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮೈ ಕಾದು, ಆಮೇಲೆ ಸೀರೆ ಹಿಂಡುವಷ್ಟು ಬೆವರು. ಒಂದು ವಾರ ಬಿಟ್ಟು ಮತ್ತೆ ಬರುವುದು. ವೈರಲ್ ಅಂದರು, ಟೈಫಾಯಿಡ್ ಅಂದರು. ನೆಂಟರು ಬಂದು, ಕಬ್ಬಿಣ ಮೈಗೆ ಒಗ್ಗುವುದಿಲ್ಲ ಎಂದು ತಾವೇ ಹತ್ತು ಮಂಡಿ ಬದಲಾಯಿಸಿದವರಂತೆ ಹೇಳಿ, ಬಾಳೆಹಣ್ಣು ತಿಂದು ಹೋದರು. ಅಷ್ಟರಲ್ಲಿ ಆ ಎಡಮಂಡಿಯೇ ಊದಿಕೊಂಡಿತು.

ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅವಳಿಗೆ ತಾಕೀತು ಮಾಡಿದೆ. “ಅಲ್ಲಿ ಹಸು-ಗಿಸು ಅಂತ ಬಾಯಿ ಬಿಡಬೇಡ. ದೊಡ್ಡದೊಡ್ಡೋರು ಬರೋ ಜಾಗ.”

“ಯಾಕೋ, ಅವ್ರು ಆಲು ಕುಡಿಯಕಿಲ್ವಾ?”

“ನಾನು ಮಾತಾಡ್ತೀನಿ. ನೀನು ಸುಮ್ನಿರು.”

ಮಾತಾಡಿದೆ. ಮೂಳೆ ಡಾಕ್ಟರು ಮಂಡಿಯಿಂದ ಒಂದಿಷ್ಟು ನೀರು ತೆಗೆದು ಲ್ಯಾಬಿಗೆ ಕಳಿಸುತ್ತಾ ಒಂದೊಂದೇ ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಗಾಯ ಆಗಿತ್ತೇ? ಇಲ್ಲ. ಮನೆಯಲ್ಲಿ ಹಸು, ಕುರಿ, ನಾಯಿ ಏನಾದರೂ ಸಾಕಿದ್ದೀರಾ?

ನನ್ನ ಹಿಂದೆ ಟೈ ಕಟ್ಟಿದ ಇಬ್ಬರು ಕೂತಿದ್ದರು. ಫೋರ್‌ಮನ್ನನ ಮೂಗು ನೆನಪಾಯಿತು. ನಕ್ಕುಬಿಟ್ಟೆ. “ಏನ್ ಡಾಕ್ಟ್ರೇ, ನಮ್ಮನ್ನ ನೋಡಿದ್ರೆ ದನ ಕಾಯೋರ ಥರ ಕಾಣ್ತೀವಾ? ನಮ್ದು ಇಂಡಸ್ಟ್ರಿಯಲ್ ಫ್ಯಾಮಿಲಿ.”

ನಂಜಕ್ಕ ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದಳು. ಡಾಕ್ಟರು ‘ಇಲ್ಲ’ ಎಂದು ಬರೆದುಕೊಂಡರು. ಎರಡೇ ಅಕ್ಷರ.

ಲ್ಯಾಬಿನವರು ಐದು ದಿನ ನೋಡಿ, ಕ್ರಿಮಿ ಏನೂ ಬೆಳೆದಿಲ್ಲ ಎಂದು ಆ ನೀರನ್ನು ಚೆಲ್ಲಿದರು. ಏನೂ ಬೆಳೆಯದಿದ್ದ ಮೇಲೆ ತಪ್ಪು ಲೋಹದ್ದೇ ಅಲ್ಲವೇ? ಪೀಣ್ಯದ ತಲೆ ಓಡುವುದೇ ಹಾಗೆ. ಮಂಡಿ ಮಾರಿದ ಕಂಪನಿಯ ಏಜೆಂಟನನ್ನು ಹಿಡಿದೆ. ಯಾವ ಎರಕದ ಲೋಹ, ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ, ಗಡಸುತನ ಎಷ್ಟು ಎಂದು ಮೂರು ಕಾಗದ ಬರೆದೆ. ಡಾಕ್ಟರು ಮತ್ತೊಮ್ಮೆ ನೀರು ತೆಗೆದು ನೋಡೋಣ, ಅಡ್ಮಿಟ್ ಮಾಡಿ ಎಂದರೆ, “ಮೊದಲು ನಿಮ್ಮ ಪಾರ್ಟು ಸರಿಯಿದೆ ಅಂತ ಪ್ರೂವ್ ಮಾಡಿ” ಎಂದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕಾದವನು ನಾನು, ಹಾಕಲಿಲ್ಲ. ಹೀಗೆ ಎರಡು ತಿಂಗಳು ವಾದ ಮಾಡಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ವಾದ ಮಾಡಿರಲಿಲ್ಲ. ಏಜೆಂಟ್ ಸುಸ್ತಾಗಿ, ಹೊಸ ಮಂಡಿಯನ್ನು ಅರ್ಧ ರೇಟಿಗೆ ಕೊಡಿಸುತ್ತೇನೆ ಎಂದ. ಗೆದ್ದೆ ಎಂದುಕೊಂಡು ಮನೆಗೆ ಬಂದರೆ, ನಂಜಕ್ಕ ಗೋಡೆ ಹಿಡಿದು ನಿಂತಿದ್ದಳು. ಹೆಜ್ಜೆ ಇಟ್ಟರೆ ಮಂಡಿ ಒಳಗೆ ಅಲುಗಾಡುತ್ತದೆ ಎಂದಳು. ಎಕ್ಸ್‌ರೇಯಲ್ಲಿ ಲೋಹಕ್ಕೂ ಮೂಳೆಗೂ ನಡುವೆ ಕಪ್ಪು ಗೆರೆ ಬಿದ್ದಿತ್ತು.

ಆಗ ನಾನು ಸಹಿ ಹಾಕಿದೆ. ಅಡ್ಮಿಟ್ ಮಾಡಿಕೊಂಡು ಸೋಂಕಿನ ಡಾಕ್ಟರಮ್ಮ ಒಬ್ಬರನ್ನು ಕರೆಸಿದರು. ಕುಳ್ಳಗೆ, ಕೈಯಲ್ಲೊಂದು ಚಿಕ್ಕ ನೋಟ್‌ಬುಕ್. ಬಂದವರೇ ನನ್ನನ್ನು ಬಿಟ್ಟು ನಂಜಕ್ಕನ ಮಂಚದ ಪಕ್ಕ ಕೂತರು. ನಾನು ಶುರು ಮಾಡಿದೆ: “ಮೇಡಂ, ಇದು ಮೆಟೀರಿಯಲ್ ಪ್ರಾಬ್ಲಂ...”

ನಂಜಕ್ಕನಿಗೆ ಜ್ವರದ ಮಂಪರು. ನನ್ನ ದನಿ ಕೇಳಿ ಕಣ್ಣು ಬಿಟ್ಟಳು. “ಬಂದ್ಯೇನೋ? ಲಕ್ಷ್ಮಿಗೆ ಬೂಸ ಇಟ್ಯಾ?”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಲಕ್ಷ್ಮಿ ಯಾರು?”

“ಕೆಲಸದವಳು ಮೇಡಂ.”

“ಕೆಲಸದವರಿಗೆ ಬೂಸ ಇಡ್ತೀರಾ?”

ನರ್ಸು ಮುಖ ತಿರುಗಿಸಿಕೊಂಡು ನಕ್ಕಳು. ಪಕ್ಕದ ಮಂಚದ ಪೇಶೆಂಟೂ ನಕ್ಕಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ನಂಜಕ್ಕನ ಕೈ ಹಿಡಿದು ಆ ಬಿರುಕುಗಳನ್ನು ನೋಡುತ್ತಾ, “ಅಮ್ಮಾ, ನೀವು ಹೇಳಿ. ಬೆಳಿಗ್ಗೆ ಎದ್ದು ಏನೇನ್ ಮಾಡ್ತೀರಿ?” ಎಂದರು.

ನಂಜಕ್ಕ ನನ್ನ ಮುಖ ನೋಡಿದಳು. ಅರವತ್ತೈದು ದಾಟಿದ ಹೆಂಗಸು, ನನ್ನ ಮೂಗು ಒರೆಸಿ ಸಾಕಿದವಳು, ಬಾಯಿ ಬಿಡಲು ನನ್ನ ಅಪ್ಪಣೆ ಕಾಯುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಅದನ್ನೇ ಅಪ್ಪಣೆ ಎಂದುಕೊಂಡಳು.

“ಒಂದ್ ಅಸ ಐತೆ ಕಣವ್ವ. ಅದ್ನೇ ನೋಡ್ಕಂತೀನಿ. ಪಾಪ, ಕಂದಾಕ್ಬುಡ್ತು ಈ ಸಲ. ನಾನೇ ಕೈಯಾಕಿ ತೆಗ್ದೆ.”

ಡಾಕ್ಟರಮ್ಮನ ಪೆನ್ನು ನಿಂತಿತು.

ಮುಂದಿನ ಕೆಲಸ ಅವತ್ತೇ ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರು, ಮಂಡಿಯ ನೀರನ್ನು ಮತ್ತೆ ತೆಗೆದು ಈ ಸಲ ವಾರಗಟ್ಟಲೆ ಕಾದರು. ಬೆಳೆಯಿತು. ಬ್ರುಸೆಲ್ಲಾ ಎಂದು ಅದರ ಹೆಸರು. ಹಸು ಕಂದು ಹಾಕುವಂತೆ ಮಾಡುವ ಕ್ರಿಮಿ. ಕಸದಲ್ಲಿ, ಹಸಿ ಹಾಲಿನಲ್ಲಿ ಇದ್ದು ಮನುಷ್ಯರಿಗೂ ದಾಟುತ್ತದೆಯಂತೆ. ಹಾಕಿಸಿಕೊಂಡ ಮಂಡಿಗೆ ಬಂದು ಕೂರುವುದು ಬಲು ಅಪರೂಪವಂತೆ. ಕೂತರೆ ಮಾತ್ರ ಲೋಹಕ್ಕೆ ಅಂಟಿಕೊಂಡು, ಔಷಧಿಗೂ ಸುಲಭವಾಗಿ ಬಗ್ಗುವುದಿಲ್ಲ. ನಿಧಾನವಾಗಿ ಬೆಳೆಯುವ ಜಾತಿ. ಅನುಮಾನ ಪಟ್ಟು ಕಾಯದಿದ್ದರೆ ಕಾಣಿಸಿಕೊಳ್ಳುವುದೇ ಇಲ್ಲ.

“ಲ್ಯಾಬಿನವರಿಗೂ ಮೊದಲೇ ಹೇಳಿರಬೇಕು. ಗೊತ್ತಿಲ್ದೆ ಕೈಯಾಡಿಸಿದ್ರೆ ಅವರಿಗೂ ಅಂಟತ್ತೆ” ಎಂದರು ಡಾಕ್ಟರಮ್ಮ. “ಅದಕ್ಕೇ ಆ ಪ್ರಶ್ನೆ ಕೇಳೋದು. ಸುಮ್ನೆ ಹೊತ್ತು ಹೋಗಲಿ ಅಂತ ಅಲ್ಲ.”

“ಮೊದಲೇ ಹೇಳಿದ್ರೆ...” ಎಂದೆ.

“ಮಂಡಿ ಅಲುಗಾಡೋಕೆ ಮುಂಚೆ ಸಿಕ್ಕಿದ್ರೆ ಬರೀ ಮಾತ್ರೇಲೇ ಉಳೀಬಹುದಿತ್ತು. ಉಳೀತಿತ್ತು ಅಂತ ಗ್ಯಾರಂಟಿ ಕೊಡಲ್ಲ. ಉಳೀಬಹುದಿತ್ತು.”

ಗ್ಯಾರಂಟಿ ಕೊಡದವರನ್ನು ನಾನು ಯಾವತ್ತೂ ನಂಬಿದವನಲ್ಲ. ಅವತ್ತು ಮಾತ್ರ ನಂಬಿದೆ.

ಮಂಡಿ ತೆಗೆದರು. ಔಷಧಿ ಬೆರೆಸಿದ ಸಿಮೆಂಟಿನ ಗುಂಡೊಂದನ್ನು ಅಲ್ಲಿ ತುರುಕಿ, ತಿಂಗಳುಗಟ್ಟಲೆ ಮಾತ್ರೆ ಕೊಟ್ಟು, ಕ್ರಿಮಿ ಸತ್ತಿತೆಂದು ಖಾತ್ರಿಯಾದ ಮೇಲೆ ಇನ್ನೊಂದು ಮಂಡಿ ಹಾಕಿದರು. ಆ ತಿಂಗಳುಗಳಲ್ಲಿ ನಂಜಕ್ಕ ಆ ಕಾಲನ್ನು ನೆಲಕ್ಕೆ ಊರಲಿಲ್ಲ. ಕಾಲು ಉಳಿಯುತ್ತದೋ ಇಲ್ಲವೋ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಲಕ್ಷ್ಮಿಯನ್ನು.

ಪಶು ಡಾಕ್ಟರನ್ನು ಕರೆಸಿದೆ. ಬೈಕು ವರ್ಕ್‌ಶಾಪಿನ ಮುಂದೆಯೇ ನಿಂತಿತು. ಲಕ್ಷ್ಮಿಗೂ ಅದೇ ರೋಗ. ಹಸುವಿಗೆ ಇದಕ್ಕೆ ಔಷಧಿಯಿಲ್ಲ, ಬೇರೆ ದನದ ಜೊತೆ ಸೇರಿಸಬೇಡಿ, ಹಾಲು ಯಾರಿಗೂ ಕೊಡಬೇಡಿ ಎಂದರು. ಮಾರನೆಯ ದಿನವೇ ದನದ ದಲ್ಲಾಳಿಯೊಬ್ಬ ವಾಸನೆ ಹಿಡಿದು ಬಂದ. ಒಳ್ಳೆಯ ಬೆಲೆ ಹೇಳಿದ. ನಿಮ್ಮ ಹತ್ತಿರ ಸುಳ್ಳೇಕೆ, ನನ್ನ ನಾಲಿಗೆ ತುರಿಸಿತು. ಇನ್ನೂ ಸ್ವಲ್ಪ ಏರಿಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಮಂಚದ ಮೇಲಿಂದ ನಂಜಕ್ಕ ಕೂಗಿದಳು. “ಲೋ! ನನ್ ಮಂಡಿ ತಿಂದಿದ್ದು ಸಾಲ್ದಾ? ಇನ್ಯಾವಳ ಮಂಡಿ ಬೇಕೋ ನಿಂಗೆ?” ದಲ್ಲಾಳಿ ಚಪ್ಪಲಿ ಮೆಟ್ಟಿ ಹೊರಟ.

ಹಾಲು ಕೊಂಡಿದ್ದವರಿಗೆ ಹೇಳಿ ಬಾ ಎಂದು ನನ್ನನ್ನೇ ಅಟ್ಟಿದಳು. ನಾಗಸಂದ್ರದ ಏಳನೆಯ ಮಹಡಿಯಲ್ಲಿ ಒಬ್ಬ ಮೇಡಂ ಬಾಗಿಲನ್ನು ಅರ್ಧ ತೆರೆದು, “ಆದರೆ ನಿಮ್ಮ ಹಾಲು ಆರ್ಗ್ಯಾನಿಕ್ ಅಲ್ವಾ?” ಎಂದರು. “ಕ್ರಿಮೀನೂ ಆರ್ಗ್ಯಾನಿಕ್ಕೇ ಮೇಡಂ” ಎಂದೆ. “ಜ್ವರ ಇದ್ರೆ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರಿಗೆ ಹಸಿ ಹಾಲು ಕುಡಿದಿದ್ದು ಹೇಳಿ, ನಾಚ್ಕೋಬೇಡಿ.” ಬಾಗಿಲು ಮುಚ್ಚಿತು. ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ನಾಚಿಕೊಳ್ಳಬೇಡಿ ಎಂದು ಬುದ್ಧಿ ಹೇಳಿದ ಮುಖ ಅದೇ.

ಇನ್ನು ಆ ಲೋಹದ ತುಂಡು. ತೆಗೆದ ಮಂಡಿಯನ್ನು ಕೊಡುವುದಿಲ್ಲ ಎಂದು ಆಸ್ಪತ್ರೆಯವರು ಹಟ ಹಿಡಿದರು. ಎರಡು ದಿನ ಚೌಕಾಸಿ ಮಾಡಿ, ನಾಲ್ಕು ಕಡೆ ಸಹಿ ಹಾಕಿ, ಹಬೆಯಲ್ಲಿ ಬೇಯಿಸಿಕೊಟ್ಟದ್ದನ್ನು ತಂದೆ. ಯಾಕೆ ಗೊತ್ತೇ? ಆಗಲೂ ನನಗೊಂದು ಆಸೆ. ಎಲ್ಲಾದರೂ ಒಂದು ಬಿರುಕು, ಒಂದು ಗುಳ್ಳೆ ಸಿಕ್ಕಿದರೆ ತಪ್ಪಿನಲ್ಲಿ ಕಾಲು ಭಾಗವಾದರೂ ಕಬ್ಬಿಣದ ಮೇಲೆ ಹೊರಿಸಬಹುದು. ಮೈಕ್ರೋಮೀಟರ್ ಹಿಡಿದು ಒಂದು ಇಡೀ ಭಾನುವಾರ ಅಳೆದೆ. ಗಡಸುತನ ನೋಡಿಸಿದೆ. ನನ್ನ ವೃತ್ತಿಯಲ್ಲಿ ಅಷ್ಟು ಚೊಕ್ಕ ಕೆಲಸವನ್ನು ನಾನು ಕೈಯಲ್ಲಿ ಹಿಡಿದಿಲ್ಲ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕೆಂಪು ಚೀಟಿ ಕಟ್ಟಿ, ಪಾರ್ಟಿನ ಹೆಸರು ಬರೆದು, ಕಾರಣದ ಕಾಲಮ್ಮಿಗೆ ಬಂದಾಗ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ.

ಅದು ಹಾಗೇ ಇತ್ತು, ಈ ಆಡಿಟರ್ ಬರುವವರೆಗೆ.

ಊಟದ ಹೊತ್ತಿನಲ್ಲಿ ಚೀಟಿ ಬಿಚ್ಚಿಕೊಂಡು ಹಿತ್ತಲಿಗೆ ಹೋದೆ. ನೀಲಿ ಟಾರ್ಪಾಲು ಈಗಿಲ್ಲ. ನಾನೇ ಕಿತ್ತು ಹಾಕಿದೆ. ಲಕ್ಷ್ಮಿ ಅಲ್ಲೇ ಒಂಟಿಯಾಗಿ ಮೆಲುಕು ಹಾಕುತ್ತಿದೆ. ಹಾಲು ಬತ್ತಿದೆ, ಮತ್ತೆ ಗಬ್ಬ ಕಟ್ಟಿಸಿಲ್ಲ. ಅದಕ್ಕೆ ಬೂಸ ಇಡುವುದು, ಸಗಣಿ ಬಾಚುವುದು ಈಗ ನನ್ನ ಕೆಲಸ. ಕೈಗೆ ಗ್ಲೌಸು, ಕಾಲಿಗೆ ಬೂಟು. ನಂಜಕ್ಕ ಮೂರು ಕಾಲಿನ ಕೋಲು ಹಿಡಿದು ದೂರದ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿರುತ್ತಾಳೆ. ಎರಡನೆಯ ಮಂಡಿ ಮೊದಲಿನದರಷ್ಟು ಮಡಚುವುದಿಲ್ಲ. ಲಕ್ಷ್ಮಿಯ ಹತ್ತಿರ ಹೋಗಿ ಮೈದಡವಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದು ಕತ್ತು ಚಾಚುತ್ತದೆ, ಇವಳು ಕೈ ಕಟ್ಟಿಕೊಳ್ಳುತ್ತಾಳೆ.

ಅವಳ ಎದುರಿಗೇ ಬಾವಿಕಟ್ಟೆಯ ಮೇಲೆ ಚೀಟಿ ಇಟ್ಟು ಬರೆದೆ. ಕಾರಣ: ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿದ್ದು. ಆಪರೇಟರ್: ನನ್ನ ಹೆಸರು, ಅಪ್ಪನ ಹೆಸರಿನ ಸಮೇತ.

“ಏನೋ ಅದು?” ಎಂದಳು. ಅವಳಿಗೆ ಓದು ಬಾರದು.

ಓದಿ ಹೇಳಿದೆ.

“ನನ್ನೆಸ್ರೂ ಬರಿ. ನಾನೂ ಬಾಯ್ ಮುಚ್ಕಂಡಿದ್ನಲ್ಲ.”

“ಒಂದು ಚೀಟಿಗೆ ಒಬ್ನೇ ಆಪರೇಟರ್ ಕಣಕ್ಕ. ರೂಲು.”

ಅಂಥ ರೂಲು ಯಾವುದೂ ಇಲ್ಲ. ಇದೂ ಸುಳ್ಳೇ, ಆದರೆ ಇದಕ್ಕೆ ಕೆಂಪು ಚೀಟಿ ಕಟ್ಟುವವನು ನಾನಲ್ಲ.

ಸಂಜೆ ಆಡಿಟರ್ ಬಂದು ಚೀಟಿ ಓದಿದ. ಎರಡು ಸಲ ಓದಿದ. ಅವನ ಫಾರಮ್ಮಿನಲ್ಲಿ ಇನ್ನೂ ಒಂದು ಕಾಲಂ ಇತ್ತು: ಮರುಕಳಿಸದಂತೆ ಕೈಗೊಂಡ ಕ್ರಮ. “ಇಲ್ಲಿ ಏನ್ ಬರೀಲಿ ಸಾರ್?” ಎಂದು ಮೆಲ್ಲಗೆ ಕೇಳಿದ.

ಅಷ್ಟರಲ್ಲಿ ಹಿತ್ತಲಿನಿಂದ ಲಕ್ಷ್ಮಿ ಕೂಗಿತು. ಆಡಿಟರ್ ತಲೆ ಎತ್ತಿದ. “ಹಸು ಇದೆಯಾ ಸಾರ್? ಯಾರದು?”

“ನಮ್ದು” ಎಂದೆ.